ಜೀರಿಗೆ ಅಪ್ಪೆ, ಕೊಳವೆ ನಂಬರ್ ಹದಿನೇಳು

ತೊಟ್ಟು ಮುರಿದು ಮೂಗಿಗೆ ಹಿಡಿದರೆ ಸಾಕು,
ಅಪ್ಪ ಮರದ ವಿಳಾಸ ಹೇಳುತ್ತಿದ್ದ:
ಇದು ಹೊಳೆಯಾಚೆಯದು, ಇದು ಕಡವಿನ ಬುಡದ್ದು,
ಇದು ಜೀರಿಗೆಯ ಹಾಗೆ ನಟಿಸುತ್ತದೆ ಅಷ್ಟೆ,
ಉಪ್ಪಿಗೆ ಬಿದ್ದ ತಿಂಗಳಿಗೆ ಬಣ್ಣ ಬಯಲು.
ಮೂವತ್ತು ಬೇಸಿಗೆಯ ಸೊನೆ ಚಿಮ್ಮಿ
ಎಡಗೆನ್ನೆಯ ಮೇಲೆ ಅವನಿಗೊಂದು ಕಪ್ಪು ನಕಾಶೆ.
ಅಘನಾಶಿನಿಯ ತಿರುವುಗಳು ಎಂದುಕೊಂಡು
ಚಿಕ್ಕಂದಿನಲ್ಲಿ ಅದರ ಮೇಲೆ ಬೆರಳು ನಡೆಸುತ್ತಿದ್ದೆ.

ಈಗ ಶಿರಸಿಯ ಲ್ಯಾಬಿನಲ್ಲಿ
ಅದೇ ಮರದ ಚಿಗುರನ್ನು ಪಿಂಗಾಣಿ ಕಲ್ಬತ್ತಿನಲ್ಲಿ ಅರೆಯುತ್ತೇನೆ.
ದ್ರವ ಸಾರಜನಕ ಬೆಂಕಿಯಿಲ್ಲದೆ ಕುದಿಯುತ್ತದೆ,
ಎಲೆ ಬಳೆಚೂರಿನ ಹಾಗೆ ಚಟ್ ಎನ್ನುತ್ತದೆ.
ಬೇಗ ಬೇಗ, ಎನ್ನುತ್ತಾರೆ ವೈಜಯಂತಿ ಮೇಡಂ,
ಅದಕ್ಕೆ ಸೆಕೆ ತಾಗಬಾರದು.
ಬಾಣಂತಿ ಕೋಣೆಯಲ್ಲೂ ಇಷ್ಟು ಜೋಪಾನ ಕಂಡವಳಲ್ಲ ನಾನು.

ಅದು ಅಂದರೆ ಕಿಣ್ವ.
ಟರ್ಪೀನ್ ಸಿಂಥೇಸ್ ಎಂದು ಬರೆಯಲು ಕೊಳವೆಯ ಮೇಲೆ ಜಾಗ ಸಾಲದೆ
ಟಿ, ಎಸ್, ಹದಿನೇಳು.
ಹತ್ತು ಇಂಗಾಲದ ಒಂದು ಎಳೆ ಅದರ ಗೂಡಿಗೆ ಬರುತ್ತದಂತೆ,
ಬಾಲದಲ್ಲಿ ರಂಜಕದ ಎರಡು ಗಂಟು.
ಗಂಟು ಕಳಚಿ, ಎಳೆ ಬಾಗಿಸಿ, ಒಂದೆಡೆ ಮುಟ್ಟಿಸಿ ಬಿಟ್ಟರೆ
ಪರಿಮಳ.
ಬಾಗು ಕೂದಲೆಳೆಯಷ್ಟು ತಪ್ಪಿದರೆ ಬೇರೆಯೇ ಪರಿಮಳ.
ಒಮ್ಮೊಮ್ಮೆ ಅದಕ್ಕೂ ಕೈತಪ್ಪುತ್ತದೆ;
ಆ ತಪ್ಪುಗಳೂ ಸೇರಿಯೇ
ಅಪ್ಪನ ಮೂಗಿಗೆ ಅದು ಆ ಮರ, ಇನ್ನೊಂದಲ್ಲ.
ಕೆಲಸಕ್ಕೆ ಕೂರಿಸಲು ಚಿಟಿಕೆ ಮೆಗ್ನೀಷಿಯಂ ಉಪ್ಪು ಬೇಕು.
ಭರಣಿಗಳ ನಡುವೆ ಬೆಳೆದವಳಿಗೆ
ಇದೊಂದನ್ನು ಯಾರೂ ಕಲಿಸಬೇಕಾಗಲಿಲ್ಲ.

ಅಪ್ಪ ಒಮ್ಮೆ ಬಂದಿದ್ದ. ಚಪ್ಪಲಿ ಹೊರಗೆ ಬಿಟ್ಟು,
ರಿಜಿಸ್ಟರಿನಲ್ಲಿ ಕನ್ನ ನಾಯ್ಕ ಎಂದು ಬರೆದು.
ಮುಚ್ಚಳ ತೆಗೆದು ಹದಿನೇಳನ್ನು ಕೊಟ್ಟೆ.
ಮೂಸಿದ. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದ.
"ಎಂತದೂ ಇಲ್ವಲ್ಲೇ ಇದ್ರಗೆ. ಬರೀ ನೀರು."
ಹೌದು, ಪರಿಮಳ ಮಾಡುವುದಕ್ಕೆ ಪರಿಮಳವಿಲ್ಲ,
ಹೇಳಲು ಬಾಯಿ ತೆರೆದೆ. ಅವನಾಗಲೇ
ಫ್ರೀಜರಿನ ಕೆಂಪು ಅಂಕಿಯ ಮುಂದೆ ನಿಂತಿದ್ದ:
ಮೈನಸ್ ಎಂಬತ್ತು.
"ಯಾರಿಗೇ ಇಷ್ಟು ಚಳಿ?"

ಏಪ್ರಿಲ್‌ನಲ್ಲಿ ಗುಡುಗಿತು, ಕರೆಂಟು ಹೋಯಿತು,
ಜನರೇಟರ್ ಎರಡು ಸಲ ಕೆಮ್ಮಿ ಸುಮ್ಮನಾಯಿತು.
ಭಾನುವಾರ, ಸೋಮವಾರ.
ಮಂಗಳವಾರ ಕೊಳವೆಯೊಳಗೆ ಬಿಳಿ ಗಸಿ, ಒಡೆದ ಹಾಲಿನಂತೆ:
ಮಡಿಸುವುದೇ ತನ್ನ ಮಡಿಕೆ ಮರೆತಿತ್ತು.
ಮೇಡಂ ಕುರ್ಚಿ ಎಳೆದು ಕೂತರು. ಬಹಳ ಹೊತ್ತಿನ ಮೇಲೆ,
ಹೊಸ ಚಿಗುರು ಬೇಕು, ಅಂದರು.

ಅಪ್ಪನ ಮಂಡಿ ಈಗ ಮರ ಒಪ್ಪುವುದಿಲ್ಲ.
ನಾನೇ ಹತ್ತಿದೆ. ಕೆಳಗಿನಿಂದ ಅವನ ಕೂಗು:
ಒಣ ಕೊಂಬೆ ನಂಬಬೇಡ, ಹಗ್ಗ ನಿಧಾನ ಬಿಡು,
ಮಿಡಿ ನೆಲ ಮುಟ್ಟಿದರೆ ಕೆಟ್ಟಿತು.
ಮಿಡಿ ಬೇಡ ಅಪ್ಪ, ಚಿಗುರು ಸಾಕು ಅಂದರೂ
ಕೈ ಕೇಳದೆ ಒಂದು ತೊಟ್ಟು ಮುರಿಯಿತು.
ಸೊನೆ ಚಿಮ್ಮಿ ಮಣಿಕಟ್ಟು ಉರಿಯಿತು,
ಜೀರಿಗೆ, ಅದರ ಹಿಂದೆ ಹೆಸರಿಲ್ಲದ ಇನ್ನೇನೋ.
ಒರೆಸಿಕೊಳ್ಳಲಿಲ್ಲ.

ಮೇಲಿನಿಂದ ಹೊಳೆ ಕಂಡಿತು.
ಅವನ ಕೆನ್ನೆಯಲ್ಲಿದ್ದಷ್ಟು ಡೊಂಕಿರಲಿಲ್ಲ.