ಸೊಟ್ಟ ಸಮೇತ

ಮೆಕ್ಕೆಜೋಳ ಇಳಿಸಿ ವಾಪಸಾದ ಲಾರಿಯಲ್ಲಿ
ತಾಡಪಾಲಿನ ಕೆಳಗೆ ಮಲಗಿ ಬಂತು
ಆಳೆತ್ತರದ ಹಲಗೆ.
"ಕೊಟ್ರಕ್ಕ, ಇದರ ರೆಕ್ಕೆ ಮುರಿದೈತೆ"
ಅಂದ ರುದ್ರಮುನಿ, ಕೋಳಿ ಹಿಡಿದು ತಂದವನ ಹಾಗೆ.

ಬಾತಿ ಕೆರೆಯ ಈಚೆ, ಪಿ.ಬಿ. ರೋಡಿನ ಪಕ್ಕ
ನನ್ನದು ಫೈಬರ್ ಕೆಲಸ.
ಬಸ್ಸಿನ ಬಂಪರು, ಸೋರುವ ತೊಟ್ಟಿ,
ಹೋಟೆಲಿನ ಬಾಗಿಲಲ್ಲಿ ಕೈಮುಗಿದು ನಿಂತ
ಪೇಟದ ಬೊಂಬೆಗೆ ವರ್ಷಕ್ಕೊಂದು ಹೊಸ ಮೂಗು
(ಮಕ್ಕಳು ಅದನ್ನೇ ಹಿಂಡುತ್ತವೆ, ಯಾಕೋ).
ಸಮುದ್ರದ ಸಾಮಾನು ಇದೇ ಮೊದಲು.

ಎರಡು ಟೈರಿನ ಮೇಲೆ ಬೋರಲು ಹಾಕಿದೆ.
ಬಾಲದ ಹತ್ತಿರ ಮೂರು ಗೂಡು:
ನಡುವಿನದು ಸರಿ, ಎಡದ್ದು ಗಟ್ಟಿ,
ಬಲದ್ದು ಬಾಯಿ ಹರಿದು, ರೆಕ್ಕೆ ಬುಡಸಮೇತ ಕಿತ್ತು
ತಿರುಪು ತಿರುಗುತ್ತದೆ, ಹಿಡಿಯುವುದಿಲ್ಲ,
ವಸಡು ಬಿಟ್ಟ ಹಲ್ಲು.

ಫೋನಿನಲ್ಲಿ ಹುಡುಗಿ, ಸಸಿಹಿತ್ಲುವಿನವಳು, ಪ್ರಜ್ಞಾ ಕರ್ಕೇರ:
"ಬಂಡೆಗೆ ತಾಗಿದ್ದು ಆಂಟಿ. ಇಲ್ಲಿ ಗಾಳಿಯೇ ಒದ್ದೆ,
ರೆಸಿನ್ ಒಣಗುದೇ ಇಲ್ಲ. ಹದಿನೆಂಟಕ್ಕೆ ನನ್ನ ಹೀಟ್ ಉಂಟು."
ಹೀಟ್ ಅಂದರೆ ಬಿಸಿಲು ಅಂದುಕೊಂಡೆ.
"ಇಲ್ಲಿ ಬೇಕಾದಷ್ಟೈತಮ್ಮ" ಅಂದೆ.
ಆ ಕಡೆ ಬಹಳ ಹೊತ್ತು ನಗು.

ಒಡೆದ ಗೂಡನ್ನು ಉಳಿಯಿಂದ ಬಿಡಿಸಿದೆ.
ಒಳಗಿನ ಫೋಮು ಚಹಾ ಬಣ್ಣ.
ಗೋಡೆಗೆ ಆನಿಸಿ ನಿಲ್ಲಿಸಿದರೆ
ತೊಟ್, ತೊಟ್,
ಮೂರು ದಿನ ಸೋರಿತು ಗ್ರೀಸಿನ ಡಬ್ಬಿಗೆ.
ಘಾಟಿ ಹತ್ತಿ, ಚೆಕ್‌ಪೋಸ್ಟ್ ದಾಟಿ ಬಂದ ನೀರು,
ಯಾರಿಗೂ ಲೆಕ್ಕ ಕೊಟ್ಟಿರಲಿಲ್ಲ.
ಆರನೇ ದಿನ ಡಬ್ಬಿಯ ತಳದಲ್ಲಿ ಬಿಳಿ ಪುಡಿ.
ಬೆರಳಿಗೆ ತಾಗಿಸಿ ನಾಲಿಗೆಗಿಟ್ಟೆ:
ಮಂಡಕ್ಕಿಗೆ ಹಾಕುವ ಉಪ್ಪಿಗಿಂತ ಕಹಿ,
ಸ್ವಲ್ಪ ಗ್ರೀಸೂ ಇತ್ತು.
ನಲವತ್ತಾರು ವರ್ಷಕ್ಕೆ ನಾನು ಕಂಡ ಸಮುದ್ರ ಅಷ್ಟು.

ಹೊಸ ಗೂಡು ಕೂರಿಸುವಾಗ ಬಂತು ತಕರಾರು.
ಎಡದ ರೆಕ್ಕೆಯೇ ಸೊಟ್ಟ!
ಮುಂಭಾಗ ಒಂಚೂರು ಒಳಕ್ಕೆ ತಿರುಗಿ
ತುದಿ ಒಂಚೂರು ಹೊರಕ್ಕೆ ವಾಲಿ.
ಸೊಟ್ಟ ಕಂಡರೆ ನನ್ನ ಕೈ ಸುಮ್ಮನಿರದು,
ನಮ್ಮಪ್ಪ ಕಲಿಸಿದ್ದು ಮಟ್ಟ, ದಾರ, ಬೈಗುಳ.
ಬಲದ್ದಾದರೂ ನೆಟ್ಟಗಿರಲಿ ಅಂತ
ದಾರ ಹಿಡಿದು ಗೆರೆ ಎಳೆದೂ ಆಯಿತು,
ರೆಸಿನ್ನಿಗೆ ಹಾರ್ಡ್‌ನರ್ ಹನಿ ಎಣಿಸುತ್ತಿದ್ದೆ,
ಹದಿನೈದು, ಹದಿನಾರು

"ತಡೀ ಕೊಟ್ರಕ್ಕ."
ಪಕ್ಕದ ವೀಲ್ ಅಲೈನ್‌ಮೆಂಟಿನ ಜಬೀವುಲ್ಲಾ,
ಬೀಡಿ ಕಿವಿಗೆ ಸಿಕ್ಕಿಸಿ, ಕುಕ್ಕರಗಾಲಲ್ಲಿ ಕೂತು,
ಒಂದು ಕಣ್ಣು ಮುಚ್ಚಿ ನೋಡಿದ. ಇನ್ನೊಂದು ಮುಚ್ಚಿ ನೋಡಿದ.
"ಇದು ಸೊಟ್ಟ ಅಲ್ಲ, ಟೋ.
ಲಾರಿ ಮುಂದಿನ ಗಾಲಿನೂ ಹಿಂಗೇ, ಕೂದಲೆಳೆ ಒಳಕ್ಕೆ.
ಕಣ್ಣಿಗೆ ನೆಟ್ಟಗೆ ಮಾಡಿದ್ರೆ ರಸ್ತೆಗೆ ಸೊಟ್ಟ ಆಗ್ತದೆ."
ಅವನೂ ಸಮುದ್ರ ಕಂಡವನಲ್ಲ.

ಥಿನ್ನರಿನಲ್ಲಿ ಗೆರೆ ಒರೆಸಿದೆ.
ಮದುವೆ ಕಾಗದದ ರಟ್ಟಿನಲ್ಲಿ ಎಡದ ವಾಲು ಕತ್ತರಿಸಿಕೊಂಡು
ಮಗುಚಿ ಬಲಕ್ಕೆ ಇಟ್ಟೆವು.
ಕಲೆಸಿದ್ದ ರೆಸಿನ್ ಅಷ್ಟರಲ್ಲಿ ಡಬ್ಬಿಯಲ್ಲೇ ಕಲ್ಲು,
ನೂರಿಪ್ಪತ್ತು ರೂಪಾಯಿ ಮಣ್ಣು.
ಮತ್ತೆ ಕಲೆಸಿದೆ. ನಾರು, ರೆಸಿನ್, ನಾರು.
ಹೊಸಪೇಟೆ ಬಸ್ಸು ಹೋದರೆ ಶೆಡ್ಡೇ ಅದುರುತ್ತದೆ,
ಅದು ಹೋಗಿ, ಅದರ ಹಿಂದಿನದೂ ಹೋಗಿ
ರಸ್ತೆ ತಣ್ಣಗಾಗುವ ತನಕ
ಜಬೀವುಲ್ಲಾ ರೆಕ್ಕೆ ಹಿಡಿದೇ ಇದ್ದ,
ಬೀಡಿಯ ನೆನಪೂ ಇಲ್ಲದೆ.

ಬೆಳಿಗ್ಗೆ ಉಗುರಿನಿಂದ ತಟ್ಟಿದೆ. ಗಾಜಿನ ದನಿ.
ಉಜ್ಜಿ, ಒರೆಸಿ, ತಿರುಪು ಬಿಗಿದೆ.
ಹಿಡಿಯಿತು.

ಬಿಲ್ಲಿನಲ್ಲಿ ಏನಂತ ಬರೆಯಲಿ?
ರೆಕ್ಕೆ ಅಂತ ಬರೆದು ಹೊಡೆದು ಹಾಕಿದೆ, ಹಾರುವುದಿಲ್ಲವಲ್ಲ.
ಗಾಲಿ ಅಂತ ಬರಿ ಅಂದ ಜಬೀವುಲ್ಲಾ, ತನ್ನ ಪಾಲಿನ ಚಹಾ ಕುಡಿಯುತ್ತ.
ಕೊನೆಗೆ: ಗೂಡು ಒಂದು, ಸೊಟ್ಟ ಸಮೇತ, ೮೫೦.

ಹದಿನೆಂಟು ಬಂತು, ಹೋಯಿತು.
ಅವಳು ಫೋನು ಮಾಡಲಿಲ್ಲ, ನಾನೂ ಕೇಳಲಿಲ್ಲ.
ಮುರಿದಿದ್ದರೆ ಮಾಡುತ್ತಿದ್ದಳು.