ತಲಿ ಊರಿಗೆ ಹೋಗೇತಿ

ಅನಮೋಡ ಘಾಟಿನ ಯಾವುದೋ ತಿರುವಿನ್ಯಾಗ
ಇವರು ಕಿಡಕಿಯಿಂದ ಹೊರಗ ಬಗ್ಗಿ ವಾಂತಿ ಮಾಡಿಕೊಂಡರು.
ಸ್ಟೇರಿಂಗು ನನ್ನ ಕೈಯಾಗ. ಹಿಂದ ಮುಕ್ತಾ, ಪ್ರಭು,
ಹತ್ತು ಕಿಲೋ ಜೋಳದ ಹಿಟ್ಟು, ಶೇಂಗಾಚಟ್ನಿ ಡಬ್ಬಿ,
ಪೇಡೆದ ಪೆಟ್ಟಿಗಿ ಮ್ಯಾಲ ಕುಂಡಿ ಊರಿ ಕುಂತ ಪ್ರಭು ಕೇಳಿದ:
"ಅಪ್ಪಾ, ಇನ್ನೊಮ್ಮೆ ಯಾವಾಗ?"

ಮುಕ್ತಾ ಈ ವರ್ಷ ಕದಂಬರನ್ನ ಬಾಯಿಪಾಠ ಮಾಡ್ಯಾಳ.
ಬನವಾಸಿ, ಹಲಸಿ, ಲಾಂಛನ ಸಿಂಹ,
ಎಲ್ಲಾ ಸೇರಿ ಐದು ಮಾರ್ಕ್ಸು.
ಫೋಂಡಾದ ಸ್ಟ್ಯಾಂಡಿನ್ಯಾಗ ನಿಂತ ಬಸ್ಸಿನ ಹಣಿ ಮ್ಯಾಲ
ಅದೇ ಹೆಸರು ಓದಿ ಚೀರಿದಳು:
"ಅವ್ವಾ, ಮುಗದಿಲ್ಲ ಅವರು! ಇನ್ನೂ ಅದಾರ!
ಪಣಜಿಗೆ ಹೊಂಟಾರ!"

ಜುವಾರಿನಗರದ ಗಲ್ಲಿಯೊಳಗ ಕಾರು ಹಿಡಿಯಂಗಿಲ್ಲ.
ಹಿಟ್ಟಿನ ಚೀಲ ಹೆಗಲಿಗೇರಿಸಿ ಗುರುಶಾಂತ ಮುಂದ,
ಕೊಡಗಳ ಸಾಲು ದಾಟಿಕೋತ ನಾವು ಹಿಂದ.
ನೀಲಗಂಗವ್ವ ಅತ್ತಿ ಚೀಲದ ಬಾಯಿ ಬಿಚ್ಚಿ
ಹುಡುಗರ ಗಲ್ಲ ಮುಟ್ಟೂಕಿಂತ ಮೊದಲ
ಒಂದು ಚಿಟಿಕಿ ಹಿಟ್ಟು ಮೂಗಿಗೆ ಹಿಡದಳು.
"ಎಲ್ಲೀ ಜೋಳ?"
"ನವಲಗುಂದದ್ದು."
"ಹೂಂ."
ಅಷ್ಟ. ಆಮ್ಯಾಲ ಗಲ್ಲ, ಲಟಿಕಿ, ಮುದ್ದು.

ಗುರುಶಾಂತ ಮಡಗಾಂವದಿಂದ ಕುಡಚಡೆಗೆ
ಕದಂಬಾ ಬಸ್ಸು ಹೊಡೀತಾನ.
ಗೂಟಕ್ಕ ತೂಗಿದ ಖಾಕಿ ಅಂಗಿ ಪ್ರಭು ಎರಡು ಸಲ ಮುಟ್ಟಿ ನೋಡಿದ.
"ಮಾಮಾ, ನಿನ್ನ ಕತ್ತಿ?"
"ರಿಪೇರಿಗೆ ಕೊಟ್ಟೇನಿ."

ಹಳೇ ಗೋವಾದ ದೊಡ್ಡ ಚರ್ಚಿನ ಬಾಗಿಲಿಗೆ
ಪ್ರಭು ಚಪ್ಪಲಿ ಕಳದು ಒಳಗ ಹೋದ.
ಯಾರೂ ಬಿಡಂಗಿಲ್ಲೋ ಇಲ್ಲಿ ಅಂದ್ರ ಕೇಳಬೇಕಲ್ಲ.
ತಣ್ಣನ್ನ ಕಲ್ಲಿನ ಮ್ಯಾಲ ಬರಿಗಾಲಲೆ ತಿರುಗಿ ಬರೂತನಕ
ಅಷ್ಟು ದೊಡ್ಡ ಮೆಟ್ಟಿಲದಾಗ
ನೀಲಿ ಪಟ್ಟಿಯ ಒಂದೇ ಜೋಡು, ಅದೂ ಎಡಬಲ ಅದಲಿ ಬದಲಿ,
ಕಾಯಕೋತ ಕುಂತಿತ್ತು.

ಮರುದಿನ ಗುರುಶಾಂತನ ಸೂಟಿ. ಚಾಂದೋರಕ್ಕ ಹೊಂಟಿವಿ,
ಐದು ಮಂದಿಯ ಕಾರಿನ್ಯಾಗ ಆರು ಮಂದಿ,
ಅತ್ತಿಯ ಚಹಾದ ಫ್ಲಾಸ್ಕು ಏಳನೇದು.
"ದಿನಾ ಇಲ್ಲೇ ಗೇರು ಬದಲಸ್ತೇನಿ ನೋಡು,
ಒಂದಿನ ಇಳದಿಲ್ಲ" ಅಂದ ಅವ.
ಅತ್ತಿ ಬಂದು ಮೂವತ್ತೆಂಟು ವರ್ಷ.
ಬಂದರದ ಕೆಂಪು ಧೂಳು ಮಾವನ ಎದಿಯಾಗಿಳದು
ಮಾವ ಮಣ್ಣಾಗಿ ಹನ್ನೊಂದು.
ಅಕಿ ನೋಡಿದ ಊರಂದ್ರ ದವಾಖಾನಿ, ರೇಶನ್ ಅಂಗಡಿ, ಬಂದರದ ಗೇಟು.

ಗುಡಿ ಇಲ್ಲ ಅಲ್ಲಿ. ಗುಡಿ ಇತ್ತು ಅನ್ನೂ ತಳಪಾಯ,
ಹುಲ್ಲು, ಒಂದು ಸರಕಾರಿ ಬೋರ್ಡು,
ಕಾಲು ಮಡಚಿ ಕುಂತ ಕಲ್ಲಿನ ನಂದಿ.
ಕೊರಳಾಗ ಸರ ಐತಿ. ಸರದ ಮ್ಯಾಲ ಏನೂ ಇಲ್ಲ.

ಮುಕ್ತಾ ಬಾಯಿಪಾಠದಾಗ ಹುಡುಕಿದಳು, ಸಿಗಲಿಲ್ಲ.
ಇವರು, ಯಾವುದೋ ಯುದ್ಧದಾಗ ಇರಬೇಕು, ಅಂತ ಶುರು ಮಾಡಿದರು.
ಪ್ರಭು ತನ್ನ ಬಿಸ್ಕೀಟು ಆ ಮುರುಕು ಕೊರಳಿನ ಮುಂದ ಹಿಡದು,
ಯಾರೂ ತಿನ್ನದಕ್ಕ ತಾನೇ ತಿಂದು, ಹೇಳಿದ:
"ತಲಿ ಊರಿಗೆ ಹೋಗೇತಿ."

ಗುರುಶಾಂತ ನಕ್ಕ. ನಾನೂ ನಕ್ಕೆ.
ಅತ್ತಿ ಸೆರಗಿನಲೆ ನಂದಿಯ ಬೆನ್ನ ಮ್ಯಾಲಿನ ಎಲಿ ಕಸ ಒರಸ್ತಿದ್ದಳು,
ಒರಸಿದ ಜಾಗಾನ ಮತ್ತ ಮತ್ತ ಒರಸಿದಳು.
ಆಮ್ಯಾಲ ಫ್ಲಾಸ್ಕಿನ ಮುಚ್ಚಳ ತಗದು,
"ಬರ್ರಿ, ಆರತೈತಿ" ಅಂದಳು.

ತಿರುಗಿ ಬರೂಮುಂದ ಮೊಲೆಮ್ ನಾಕಾದಾಗ ಡಿಕ್ಕಿ ತಗಸಿದರು.
ಬಾಟ್ಲಿ ಎಷ್ಟದಾವ ಅಂತ ಕೇಳಿದವಗ ಸಿಕ್ಕಿದ್ದು
ಅತ್ತಿ ಕೊಟ್ಟ ಕೋಕಂ, ಗೋಡಂಬಿ,
ಮತ್ತ ಪ್ರಭು ರಸ್ತಾದ ಬಾಜೂಕ ಆರಿಸಿಕೊಂಡ
ತೆಂಗಿನಕಾಯಿಯಷ್ಟು ಕೆಂಪು ಜಂಬಿಟ್ಟಿಗಿ.
"ಇದೇನೋ?"
"ನಂದಿದು. ಊರಿಗೆ ಬಿಡಾಕ ಹೊಂಟೇವಿ."
ಅವ ನನ್ನ ಮಾರಿ ನೋಡಿದ. ನಾನು ಘಾಟು ನೋಡಿದೆ.

ಧಾರವಾಡಕ್ಕ ಬಂದು ಎರಡು ತಿಂಗಳಾತು.
ಇವರು ಎರಡು ಸಲ ಅಂದರು, ಆ ಕಲ್ಲು ಒಗಿಯಬಾರದೇನ.
ಸೀಟಿನ ಬುಡಕ ಐತಿ ಇನ್ನೂ.
ಜುಬಿಲಿ ಸರ್ಕಲ್ಲಿನ ಸಿಗ್ನಲ್ಲಿಗೆ ಬ್ರೇಕು ಒತ್ತಿದಾಗೊಮ್ಮೆ
ಗಡಗಡ ಮುಂದಕ್ಕ ಬಂದು
ನನ್ನ ಹಿಮ್ಮಡಿಗೆ ಬಡೀತೈತಿ.