ಒಗೆಯದ ದಿಂಬಿನ ಗವಸು

ಕೂತ್ಕೊಳ್ಳಿ ಮುನಿಕೃಷ್ಣಪ್ಪನೋರೆ, ಸ್ಟೂಲು ಆ ಕಡೆ ಇದೆ.
ಮಿಷನ್ನಿನ ಕೆಳಗೆ ಬುಟ್ಟಿ, ಬುಟ್ಟಿಯೊಳಗೆ ರೂಬಿ,
ಅವಳ ಹೊಟ್ಟೆಗಂಟಿಕೊಂಡ ಮೂರು ಹತ್ತಿಯುಂಡೆ.
ಈಗಲೇ ಕೈ ಹಾಕಬೇಡಿ.
ನಿನ್ನೆ ನನ್ನನ್ನೇ ಗದರಿದಳು.

ಕಂದವಾರಪೇಟೆಯಲ್ಲೆಲ್ಲ ಒಂದೇ ಸುದ್ದಿಯಂತೆ:
ಟೈಲರ್ ನಾಗವೇಣಿ ಪಾಮ್ ಮರಿ ಸುಮ್ಮನೆ ಕೊಡ್ತಾಳೆ.
ಸುಮ್ಮನೆ ಏನೂ ಇಲ್ಲ.
ದುಡ್ಡು ಕೇಳಲ್ಲ, ಅಷ್ಟೆ.

ಹಗಲು ಮನೇಲಿ ಯಾರಿರ್ತಾರೆ?
ನೀವು ತೋಟಕ್ಕೆ, ಮನೆಯೋರು ಸೊಸೈಟಿಗೆ, ಮಗಳು ಸ್ಕೂಲಿಗೆ;
ಬೀಗದ ಜೊತೆ ಎಷ್ಟು ಹೊತ್ತು ಮಾತಾಡುತ್ತೆ ಇದು?
ಬೀದಿ ನಾಯಿಗೆ ಊರೆಲ್ಲ ಮನೆ,
ಇದಕ್ಕೆ ಒಬ್ಬರ ಮಡಿಲೇ ಊರು.
ಬೊಗಳುತ್ತೆ. ಕೊರಿಯರ್‌ನವನಿಗೆ, ಕುಕ್ಕರಿಗೆ,
ಗೋಡೆಯಾಚೆ ಕೆಮ್ಮಿದವರಿಗೆ.
ಪಕ್ಕದ ಮನೆಯವರ ಹತ್ತಿರ ಈಗಲೇ ಒಂದು ಮಾತು ಆಡಿಟ್ಟಿರಿ.

ಮಂಡಿಚಿಪ್ಪು ಹುಣಸೆಬೀಜದಷ್ಟು.
ಮಂಚದಿಂದ ಹಾರಿದರೆ ಜಾರುತ್ತೆ,
ಆಮೇಲೆ ಮೂರು ಕಾಲಲ್ಲಿ ಕುಪ್ಪಳಿಸುತ್ತೆ.
ನೀವು ನಗ್ತೀರಿ, ವಿಡಿಯೋ ಮಾಡ್ತೀರಿ.
ಅದು ನೋವು, ಸ್ವಾಮಿ, ಆಟ ಅಲ್ಲ.
ಕುತ್ತಿಗೆಗೆ ಪಟ್ಟಿ ಬಿಗಿದು ಎಳೆಯೋದು ಬೇಡ,
ಎದೆಗೆ ಸುತ್ತೋದನ್ನ ನಾನೇ ಹೊಲಿದು ಕೊಡ್ತೀನಿ,
ಒಳಗೆ ಮೆತ್ತನೆ ಲೈನಿಂಗ್ ಇಟ್ಟು.

ಇನ್ನು ನಿಮಗೇ ಅಂತ ಇರೋ ಮಾತು: ದ್ರಾಕ್ಷಿ.
ಅಂಗಳದ ತುಂಬ ಕ್ರೇಟು, ಕ್ರೇಟಿನಡಿ ಉದುರು ಹಣ್ಣು.
ನಿಮಗೆ ಅದು ವರ್ಷದ ಅನ್ನ,
ಇದರ ಮೂತ್ರಪಿಂಡಕ್ಕೆ ಅದು ವಿಷ.
ಒಂದು ಹಿಡಿಯೂ ಬೇಕಾಗಿಲ್ಲ.
ಪೊರಕೆ ಹಿಡಿದು ದಿನಾ ಗುಡಿಸೋಕಾಗುತ್ತಾ?
ಯೋಚನೆ ಮಾಡಿ ಹೇಳಿ. ನಾಚಿಕೆಗೆ ಹೂಂ ಅನ್ನಬೇಡಿ.

ಈರುಳ್ಳಿ ಬಿದ್ದ ಸಾರೂ ಬೇಡ. ಅವರೆಕಾಯಿ ಕಾಲದಲ್ಲಿ
ಬೀಗರು ಬಂದಾಗ ತಟ್ಟೆಯಡಿ ಕೂತು ಕಣ್ಣು ಬಿಡುತ್ತೆ,
ಆ ಕಣ್ಣಿಗೆ ಸೋತವರೇ ಡಾಕ್ಟರ ಹತ್ತಿರ ಓಡೋದು.

ಮಗಳು ಐದನೇ ಕ್ಲಾಸು ಅಂದ್ರಲ್ಲ,
ಇದು ಹದಿನಾಲ್ಕು ವರ್ಷ ಬಾಳಬಹುದು. ಲೆಕ್ಕ ಹಾಕಿ.
ಅವಳು ಸೀರೆ ಉಡೋ ಹೊತ್ತಿಗೆ
ಇದರ ಹಲ್ಲು ಉದುರಿ, ಕಣ್ಣಿಗೆ ಪೊರೆ ಬಂದು,
ಗೋಡೆ ಯಾವುದು ಬಾಗಿಲು ಯಾವುದು ತಿಳಿಯದೆ ನಿಂತಿರುತ್ತೆ.
ಆಗ ಎತ್ತಿಕೊಂಡು ಹೋಗಿ ಬಿಸಿಲಿಗೆ ಬಿಡೋರು ಯಾರು?

ಇಷ್ಟು ಕೇಳೋಕೆ ನಾನ್ಯಾರು ಅಂತೀರ.
ಅಲ್ಲಿ ಮೊಳೆಗೆ ನೇತಾಡ್ತಿದೆಯಲ್ಲ, ನೇರಳೆ ರವಿಕೆ,
ಮೂರು ವರ್ಷವಾಯ್ತು.
ಅದನ್ನ ಹೊಲಿಯೋಕೆ ಕೊಟ್ಟವರು ರೂಬಿಯನ್ನೂ ಕೊಟ್ಟರು:
‘ಎರಡು ದಿನ ನೋಡ್ಕೊಳ್ಳಿ ಅಕ್ಕ, ಮದುವೆಗೆ ಹೋಗಿ ಬರ್ತೀವಿ.’
ಫೋನು ಸ್ವಿಚ್ ಆಫ್.
ಇವಳ ಕೂದಲು ಗಂಟುಗಂಟಾಗಿತ್ತು, ಕತ್ತರಿಸೋಕೆ
ನನ್ನ ದೊಡ್ಡ ಕತ್ತರಿಯೇ ಬೇಕಾಯ್ತು.
ಒಂದು ತಿಂಗಳು ಪ್ರತಿ ಸ್ಕೂಟರಿಗೂ ಎದ್ದು ನಿಂತಳು.
ಆಮೇಲೆ ನಿಲ್ಲಲಿಲ್ಲ.
ಅದೇ ಕಷ್ಟವಾಯ್ತು ನೋಡೋಕೆ.

ಮರಿಗಳ ವಿಷಯದಲ್ಲಿ ತಪ್ಪು ನಂದೇ.
ಆಪರೇಷನ್ ನಾಳೆ ನಾಡಿದ್ದು ಅಂತ ತಳ್ಳಿದೆ,
ಒಂದು ಸಂಜೆ ಚಿಲಕ ಹಾಕೋದು ಮರೆತೆ.

ಇವತ್ತು ಕೊಡಲ್ಲ. ಇನ್ನೂ ಹಾಲು ಕುಡೀತಿವೆ.
ಹೆಗಲ ಟವೆಲ್ಲು ಬಿಟ್ಟು ಹೋಗಲಾ ಅಂತೀರ?
ಬೇಡ, ಮೈಲುತುತ್ತದ ನೀಲಿ ಹತ್ತಿದೆ ಅದಕ್ಕೆ.
ಮಗಳ ದಿಂಬಿನ ಗವಸು ತನ್ನಿ, ಒಗೆಯದ್ದು,
ಅವಳ ತಲೆಯೆಣ್ಣೆ, ನಿದ್ದೆ, ಜೊಲ್ಲು ಎಲ್ಲ ಇರೋ ಹಾಗೆ.
ಎಂಟು ದಿನ ಬುಟ್ಟಿಯೊಳಗೆ ಹಾಸಿರ್ತೀನಿ.

ಆಮೇಲೆ ಅವಳನ್ನ ಕರ್ಕೊಂಡು ಬನ್ನಿ.
ಅಷ್ಟರೊಳಗೆ ರೂಬಿ ಅದನ್ನ ಕಚ್ಚಿ ಆಚೆಗೆಳೆದಿದ್ದರೆ,
ತಗೊಂಡು ಹೋಗಿ, ಒಗೆದು ದಿಂಬಿಗೆ ಹಾಕ್ಕೊಳ್ಳಿ,
ಮನಸ್ಸಿಗೆ ಹಾಕ್ಕೋಬೇಡಿ.